ಸೊಸೆಯ ಡ್ರಮ್ಮು, ನನ್ನ ಸೈಡ್ ರಿದಮ್

ಮಗನಿಗೆ ಹೆಣ್ಣು ನೋಡಲು ನಾವು ಹಾವೇರಿಗೆ ಹೋದ ದಿನ, ಹುಡುಗಿ ಅವಲಕ್ಕಿ ಚಹಾ ಕೊಟ್ಟು ಎದುರಿನ ಕುರ್ಚಿಯಲ್ಲಿ ಕುಳಿತಳು. ಓದು, ಅಡುಗೆ, ಬಂಧು ಬಳಗ, ನಾವು ಕೇಳುವುದೆಲ್ಲ ಕೇಳಿಯಾಯಿತು. ಕೊನೆಗೆ ನಮ್ಮ ಯಜಮಾನರು, "ನಿಂದೇನರ ಕೇಳೂದಿದ್ರ ಕೇಳವಾ, ಸಂಕೋಚ ಮಾಡಬ್ಯಾಡ," ಎಂದರು. ಹುಡುಗಿಯರು ಆಗ ಏನೂ ಇಲ್ಲವೆಂದು ತಲೆ ಅಲ್ಲಾಡಿಸಿ ಒಳಗೆ ಹೋಗುವುದು ವಾಡಿಕೆ. ಇವಳು ಹೋಗಲಿಲ್ಲ. ಸೆರಗು ಸರಿಮಾಡಿಕೊಂಡು, "ಒಂದ ಮಾತು ಕೇಳೂದೈತ್ರಿ," ಎಂದಳು. "ನನ್ನ ಡ್ರಮ್ ಸೆಟ್ ನಿಮ್ಮನ್ಯಾಗ ಎಲ್ಲಿ ಇಡಬೇಕ್ರಿ?"

ಬಾಗಿಲ ಹಿಂದೆ ನಿಂತಿದ್ದ ಅವಳ ಅವ್ವ ಹಣೆ ಹಣೆ ಬಡಿದುಕೊಂಡದ್ದು ನನಗೆ ಕಾಣಿಸಿತು. ನನ್ನ ಮಗ ಚಹಾದ ಬಟ್ಟಲಿನಲ್ಲಿ ಮುಖ ಮುಚ್ಚಿಕೊಂಡ. ಬೀಜದ ವ್ಯಾಪಾರ ಮಾಡುವ ನಮ್ಮ ಯಜಮಾನರು ಮಾತ್ರ ಬೀಜದ ಚೀಲ ಎಲ್ಲಿ ಇಳಿಸಬೇಕು ಎಂದು ಯಾರೋ ಕೇಳಿದರೆ ಹೇಗೋ ಹಾಗೆ ಒಂದು ಗಳಿಗೆ ಯೋಚಿಸಿ, "ಗೋದಾಮಿನ್ಯಾಗ ಬೇಕಾದಷ್ಟ ಜಾಗಾ ಐತಿ ತಗೋ," ಎಂದರು.

ಹುಡುಗಿ ನಕ್ಕಳು. ನನಗೆ ಅವಳು ಆ ಕ್ಷಣಕ್ಕೇ ಒಪ್ಪಿಗೆಯಾದಳು.

ಅವಳ ಅಪ್ಪನದು ಹಾವೇರಿಯಲ್ಲಿ ಮೈಕು, ಸ್ಪೀಕರು, ಶಾಮಿಯಾನ ಬಾಡಿಗೆ ಕೊಡುವ ಅಂಗಡಿ. ಯಾವುದೋ ಒಂದು ಆರ್ಕೆಸ್ಟ್ರಾ ತಂಡ ಒಡೆದು ಚೆಲ್ಲಾಪಿಲ್ಲಿಯಾದಾಗ ಅವರ ಡ್ರಮ್ ಸೆಟ್ಟು ಆ ಅಂಗಡಿಯಲ್ಲೇ ಉಳಿಯಿತಂತೆ. ಹೈಸ್ಕೂಲಿನಲ್ಲಿದ್ದ ಇವಳು ಒಂದು ದಿನ ಅದರ ಮುಂದೆ ಹೋಗಿ ಕುಳಿತವಳು ಕಾಲೇಜು ಮುಗಿಯುವ ತನಕ ಏಳಲೇ ಇಲ್ಲ ಎಂದು ಅವಳ ಅಪ್ಪ ಹೇಳಿದರು. ಅವರ ದನಿಯಲ್ಲಿ ಬೇಸರವೂ ಇತ್ತು, ಹೆಮ್ಮೆಯೂ ಇತ್ತು.

ಮದುವೆಯಾಗಿ ಹದಿನೈದು ದಿನಕ್ಕೆ ಡ್ರಮ್ ಸೆಟ್ಟು ಟೆಂಪೋದಲ್ಲಿ ನಮ್ಮೂರು ರಾಣೇಬೆನ್ನೂರಿಗೆ ಬಂತು. ಮನೆಯಲ್ಲಿ ಇಡುವ ಮಾತೇ ಇರಲಿಲ್ಲ. ಮಗ ಕುಮಾರಪಟ್ಟಣದ ಫ್ಯಾಕ್ಟರಿಯಲ್ಲಿ ಪಾಳಿ ಕೆಲಸಕ್ಕೆ ಇದ್ದಾನೆ. ವಾರ ಬಿಟ್ಟು ವಾರ ಹಗಲು ಹೊತ್ತಿನಲ್ಲಿ ನಿದ್ದೆ ಮಾಡುತ್ತಾನೆ. ಹಾಗಾಗಿ ಟೆಂಪೋ ನೇರ ಹಲಗೇರಿ ರಸ್ತೆಯಲ್ಲಿರುವ ನಮ್ಮ ಬೀಜದ ಗೋದಾಮಿಗೆ ಹೋಯಿತು. ಗೋವಿನಜೋಳದ ಚೀಲಗಳನ್ನು ಒಂದು ಮೂಲೆಯಿಂದ ಸರಿಸಿ ನಮ್ಮ ಹಮಾಲ ಅಜ್ಜ ಜಾಗ ಮಾಡಿಕೊಟ್ಟ. ಸೊಸೆ ಸೊಂಟಕ್ಕೆ ಸೆರಗು ಸಿಕ್ಕಿಸಿ ಒಂದೊಂದೇ ಡ್ರಮ್ಮು ಜೋಡಿಸಿದಳು. ಕಾಲಿನಿಂದ ತುಳಿದು ಬಾರಿಸುವ ದೊಡ್ಡದು ನಡುವೆ. ಅದರ ಮೇಲೆ ಎರಡು ಸಣ್ಣವು. ತೊಡೆಯ ಹತ್ತಿರ ಇನ್ನೊಂದು. ಸುತ್ತಲೂ ಹಿತ್ತಾಳೆಯ ತಟ್ಟೆಗಳು. ಎಲ್ಲ ಜೋಡಿಸಿ ಕುಳಿತು ಒಂದು ಸುತ್ತು ಬಾರಿಸಿದಳು ನೋಡಿ, ನನ್ನ ಎದೆಯೊಳಗೆ ಯಾರೋ ಬಾಗಿಲು ತಟ್ಟಿದ ಹಾಗಾಯಿತು. ಗೋದಾಮಿನ ಪಾರಿವಾಳಗಳು ಒಂದೇ ಸಲಕ್ಕೆ ಹಾರಿದವು. ಹಮಾಲ ಅಜ್ಜ ಬೀಡಿ ಬಾಯಿಂದ ತೆಗೆದು, "ಅಬಬಬಾ," ಎಂದ.

ಸುತ್ತ ಬೀಜದ ಚೀಲಗಳಿದ್ದದ್ದು ಒಳ್ಳೆಯದೇ ಆಯಿತಂತೆ. ಗೋಡೆಗೆ ಬಡಿದು ಸದ್ದು ತಿರುಗಿ ಬರುವುದಿಲ್ಲ, ಚೀಲಗಳು ಕುಡಿದುಬಿಡುತ್ತವೆ ಎಂದು ಅವಳು ವಿವರಿಸಿದಳು. "ಇಂಥಾ ರೂಮು ಮಾಡಾಕ ದೊಡ್ಡ ಊರಾಗಿನ ಮಂದಿ ಗೋಡಿಗೆ ಏನೇನೋ ಬಡೀತಾರ್ರೀ ಅತ್ತೀ. ನಮಗ ಹಂಗ ಸಿಕ್ಕೈತಿ."

ಅಂದಿನಿಂದ ಮಧ್ಯಾಹ್ನದ ರೊಟ್ಟಿ ಬುತ್ತಿಯನ್ನು ನಾನೇ ಗೋದಾಮಿಗೆ ಒಯ್ಯತೊಡಗಿದೆ. ಯಜಮಾನರು ಅಂಗಡಿಯಿಂದ ಅಲ್ಲಿಗೇ ಬಂದು ಉಣ್ಣುತ್ತಿದ್ದರು. ಬುತ್ತಿ ನೆಪ, ನನಗೆ ಬೇಕಾದದ್ದು ಅವಳ ಕೈಕಾಲು ನೋಡುವುದು. ಎಡಗೈ ಒಂದು ಹೇಳುತ್ತದೆ, ಬಲಗೈ ಇನ್ನೊಂದು, ಕಾಲುಗಳು ಮತ್ತೆ ಬೇರೆ ಮಾತು. ಆದರೂ ಜಗಳವಿಲ್ಲ. ನಾನು ಚೀಲದ ಮೇಲೆ ಕುಳಿತು ಬುತ್ತಿಯ ಮುಚ್ಚಳದ ಮೇಲೆ ಬೆರಳಾಡಿಸುತ್ತಿದ್ದೆ. ಅದು ಅವಳ ಕಿವಿಗೆ ಬಿತ್ತು.

ಒಂದು ದಿನ ಬಾರಿಸುವುದನ್ನು ನಿಲ್ಲಿಸಿ, "ಅತ್ತೀ, ಇಲ್ಲೆ ಬರ್ರಿ," ಎಂದಳು. ಡ್ರಮ್ಮುಗಳ ಜೊತೆ ಒಂದು ಸಣ್ಣ ತಗಡಿನ ಪೆಟ್ಟಿಗೆಯೂ ಬಂದಿತ್ತು. ನಾನು ಅದರಲ್ಲಿ ಸ್ಕ್ರೂ, ಪಾನಾ ಇರಬೇಕು ಎಂದುಕೊಂಡಿದ್ದೆ. ಅದನ್ನು ತೆರೆದು ಒಳಗಿನದನ್ನೆಲ್ಲ ಚೀಲದ ಮೇಲೆ ಹರವಿದಳು. ಮೂರು ಮೂಲೆಯಾಗಿ ಬಾಗಿಸಿದ ಉಕ್ಕಿನ ಸರಳು. ಅಂಚಿನ ತುಂಬ ಸಣ್ಣ ತಾಳ ಸಿಕ್ಕಿಸಿದ ಬಳೆಯಂಥದು. ಒಳಗೆ ಟೊಳ್ಳಾದ ಮರದ ತುಂಡು. ಅಲ್ಲಾಡಿಸಿದರೆ ಸದ್ದಾಗುವ ಮೊಟ್ಟೆಯಂಥ ಎರಡು ಕಾಯಿ. ಕೊಳವೆಗಳನ್ನು ಸಾಲಾಗಿ ನೇತುಹಾಕಿದ ಒಂದು ಪಟ್ಟಿ. ಮತ್ತೊಂದು ಕರಿಯ ಕಬ್ಬಿಣದ ಗಂಟೆ.

ಗಂಟೆಯನ್ನು ನಾನು ತಿರುಗಿಸಿ ನೋಡಿದೆ. "ಇದಕ್ಕ ನಾಲಿಗೀನ ಇಲ್ಲಲ್ಲ ಯವ್ವಾ!"

"ನಾಲಿಗಿ ಇರೂದಿಲ್ರಿ. ಕೋಲಿನಿಂದ ಬಡೀಬೇಕು. ಕೌಬೆಲ್ ಅಂತಾರ."

"ಕೌಬೆಲ್ ಅಂದ್ರ ಆಕಳ ಗಂಟಿ ಅಲ್ಲೇನು?"

"ಅದ ನೋಡ್ರಿ."

ನಾನು ನಕ್ಕುಬಿಟ್ಟೆ. ನಮ್ಮ ಕಡೆ ಹೋರಿಗೆ ಕಟ್ಟುವ ಗಂಟೆ ಎಷ್ಟು ಕೇಳಿದ್ದೇನೆ! ಅದರ ನಾಲಿಗೆ ಕಿತ್ತು ಡ್ರಮ್ಮಿನ ಪಕ್ಕ ನಿಲ್ಲಿಸಿದ್ದಾರೆ ಎಂದು ಯಾರಿಗೆ ಗೊತ್ತಿತ್ತು.

ಅವಳು ಹೇಳಿದಳು: "ಡ್ರಮ್ ಅಂದ್ರ ಹಾಡಿನ ಎಲಬು ಇದ್ದಂಗ. ಇವೆಲ್ಲಾ ಅದರ ಮ್ಯಾಲಿನ ಒಡವಿ. ಆರ್ಕೆಸ್ಟ್ರಾದಾಗ ಸೈಡ್ ರಿದಮ್ ಅಂತಾರ್ರೀ. ನನಗ ಇರೂದು ಎರಡ ಕೈ, ಎರಡ ಕಾಲು. ಇವನ್ನ ಬಾರಸಾಕ ಇನ್ನೊಬ್ರು ಬೇಕು. ಕಾಲೇಜಿನ್ಯಾಗ ನನ್ನ ಗೆಳತಿ ಬಾರಸ್ತಿದ್ಲು, ಆಕಿ ಲಗ್ನಾಗಿ ದೂರ ಹೋದ್ಲು." ಕೋಲನ್ನು ನನ್ನ ಕಡೆ ಚಾಚಿ, "ನೀವ್ಯಾಕ ಬಾರಸಬಾರದು?" ಎಂದಳು.

"ಹುಚ್ಚೀ, ನನಗ ಐವತ್ತೆರಡು!"

"ಗಂಟಿಗೆ ವಯಸ್ಸು ಗೊತ್ತಾಗೂದಿಲ್ರಿ."

ಯಜಮಾನರು ರೊಟ್ಟಿ ಮುರಿಯುತ್ತ ಕುಳಿತಿದ್ದರು. "ಮನ್ಯಾಗ ಹೆಂಗೂ ಡಬ್ಬಿ ಬಡೀತಿ. ಇಲ್ಲೆ ಬಡಿ, ಡಬ್ಬಿರ ಉಳೀತಾವು," ಎಂದರು.

ನಾನು ಕೋಲು ಹಿಡಿದೆ. ಅಷ್ಟೇ. ಆಮೇಲೆ ನಾನು ನಾನಾಗಿ ಉಳಿಯಲಿಲ್ಲ.

ನಾನು ಹುಟ್ಟಿ ಬೆಳೆದದ್ದು ಬ್ಯಾಡಗಿಯಲ್ಲಿ. ಅಪ್ಪ ಮೆಣಸಿನಕಾಯಿ ದಲಾಲಿ. ಅಂಗಳಕ್ಕೆ ಬಂದ ಕಾಯಿಯನ್ನು ಒಂದು ಹಿಡಿ ಎತ್ತಿ ನನ್ನ ಕಿವಿಯ ಹತ್ತಿರ ಅಲ್ಲಾಡಿಸಿ, "ಒಣಗ್ಯಾದೇನವಾ?" ಎಂದು ಕೇಳುತ್ತಿದ್ದ. ಪೂರ್ತಿ ಒಣಗಿದ್ದರೆ ಒಳಗಿನ ಬೀಜ ಸಣ್ಣಗೆ ಗಲಗಲ ಎನ್ನುತ್ತದೆ. ಹಸಿ ಇದ್ದರೆ ಸುಮ್ಮನಿರುತ್ತದೆ. ನನ್ನ ಮಾತು ಎಂದೂ ಸುಳ್ಳಾಗಲಿಲ್ಲ. ಸೊಸೆ ಆ ಮೊಟ್ಟೆಯಂಥ ಶೇಕರ್ ನನ್ನ ಕೈಗೆ ಕೊಟ್ಟಾಗ ನನಗೆ ಹೊಸತೆನ್ನಿಸಲಿಲ್ಲ. ಆದರೆ ಅದರ ಸದ್ದು ನನಗೆ ಸಾಲಲಿಲ್ಲ.

"ಇದರಾಗ ಏನ ಹಾಕ್ಯಾರ?"

"ಪ್ಲಾಸ್ಟಿಕ್ ಗುಂಡು ಇರಬೇಕ್ರಿ."

ಬೀಜದ ಗೋದಾಮಿನಲ್ಲಿ ಕುಳಿತು ಪ್ಲಾಸ್ಟಿಕ್ ಗುಂಡು ಅಲ್ಲಾಡಿಸುವುದೇ! ಮಾರನೆಯ ದಿನ ಮನೆಯಿಂದ ಮುಚ್ಚಳವಿದ್ದ ಖಾಲಿ ಡಬ್ಬಿಗಳನ್ನು ಒಯ್ದೆ. ಔಷಧ ಹಚ್ಚಿದ ಕೆಂಪು ಬೀಜ ಕೈಯಲ್ಲಿ ಮುಟ್ಟುವ ಹಾಗಿಲ್ಲ. ಮೊಳಕೆ ಪರೀಕ್ಷೆಗೆಂದು ಯಜಮಾನರು ತೆಗೆದಿಟ್ಟ, ಔಷಧ ಹಚ್ಚದ ಬೀಜದ ಪೊಟ್ಟಣಗಳು ಬೇರೆ ಇದ್ದವು. ಅವುಗಳಿಂದ ಒಂದೊಂದು ಹಿಡಿ ಹಾಕಿದೆ. ಗೋವಿನಜೋಳ ಗಡಗಡ ಎಂದು ಹಾಡನ್ನೇ ಮುಚ್ಚಿಬಿಟ್ಟಿತು. ಹೀರೆ ಬೀಜ ಚಟಚಟ ಸಿಡಿಯಿತು. ಟೊಮೆಟೊ ಬೀಜದ ಮೈಯೆಲ್ಲ ನವಿರು ನೋಡಿ, ಉಸಿರು ಬಿಟ್ಟಷ್ಟೇ ಸದ್ದು. ಬೆಂಡೆ ಬೀಜ ಹಾಕಿ ಅಲ್ಲಾಡಿಸಿದಾಗ ಸೊಸೆ ಕುಳಿತಲ್ಲಿಂದ ಎದ್ದು ಬಂದಳು.

"ಅತ್ತೀ! ಇನ್ನೊಮ್ಮೆ ಮಾಡ್ರಿ."

ಮಾಡಿದೆ. ಗುಂಡಗೆ, ಗಟ್ಟಿಗೆ, ಒಂದರ ಮೇಲೊಂದು ಬೀಳದೆ ಎಲ್ಲ ಬೀಜ ಒಟ್ಟಿಗೇ ಬಂದು ತಗಲುವ ಸದ್ದು. "ಇದ! ಇದ ಬೇಕಾಗಿತ್ತು," ಎಂದು ಅವಳು ನನ್ನ ಎರಡೂ ಭುಜ ಹಿಡಿದು ಅಲ್ಲಾಡಿಸಿದಳು. ನನ್ನನ್ನೇ ಶೇಕರ್ ಮಾಡಿದಳು ಎಂದು ನಾನು ಎಲ್ಲರಿಗೂ ಹೇಳಿಕೊಂಡು ತಿರುಗಿದೆ.

ಆಮೇಲಿನ ಎರಡು ತಿಂಗಳು ನನಗೆ ಮನೆಗೆಲಸ ಯಾವಾಗ ಮುಗಿಯಿತು ಎಂದೇ ತಿಳಿಯುತ್ತಿರಲಿಲ್ಲ. ಎದ್ದಾಗಿನಿಂದ ಮಧ್ಯಾಹ್ನ ಯಾವಾಗ ಆಗುತ್ತದೋ ಎಂಬ ಧ್ಯಾನ. ರೊಟ್ಟಿ ಬಡಿಯುವ ಕೈಗೂ ಒಂದು ಲೆಕ್ಕ ಬಂತು. ಟ್ರಯಾಂಗಲ್ ಎಂಬ ಆ ಮೂರು ಮೂಲೆಯ ಸರಳು ನನಗೆ ಎಲ್ಲಕ್ಕಿಂತ ಕಷ್ಟವಾಯಿತು. ಬಾರಿಸುವುದು ಕಷ್ಟವಲ್ಲ, ಬಾರಿಸದೆ ಇರುವುದು ಕಷ್ಟ. ಒಂದು ಹಾಡಿನಲ್ಲಿ ಅದಕ್ಕೆ ಇದ್ದದ್ದು ಒಂದೇ ಒಂದು ಪೆಟ್ಟು, ಪಲ್ಲವಿ ಮೂರನೆಯ ಸಲ ಬಂದು ಮುಗಿದ ಮೇಲೆ. ಅಲ್ಲಿಯ ತನಕ ಕೈಯಲ್ಲಿ ಹಿಡಿದು ಸುಮ್ಮನೆ ನಿಂತಿರಬೇಕು. ಆ ಒಂದು ಪೆಟ್ಟು ಸರಿಯಾಗಿ ಬಿದ್ದ ದಿನ ನಾನು ಹಮಾಲ ಅಜ್ಜನಿಗೂ ಯಜಮಾನರಿಗೂ ಬೆಲ್ಲ ಹಂಚಿದೆ.

ಹಾವೇರಿಯಲ್ಲಿ ಸೊಸೆಗೆ ಹಳೆಯ ಪರಿಚಯದ ಮೂವರು ಇದ್ದರು. ಕೀಬೋರ್ಡ್ ನುಡಿಸುವ ಸಂಗೀತದ ಟೀಚರ್ ಒಬ್ಬರು, ಹಾಡುವವರು ಇಬ್ಬರು, ಮೂವರೂ ಹೆಂಗಸರೇ. ಸೊಸೆಯ ತವರಿನ ಓಣಿಯ ಮಹಿಳಾ ಮಂಡಳದವರು ಒಂದು ಸಂಜೆ ಹಾಡಿನ ಕಾರ್ಯಕ್ರಮ ಇಟ್ಟುಕೊಂಡು ಇವರನ್ನು ಕರೆದರು. ಸೊಸೆ ನನ್ನ ಮುಖ ನೋಡಿದಳು. ನಾನು ಅವಳು ಬಾಯಿ ತೆರೆಯುವ ಮೊದಲೇ, "ಯಾವ ಸೀರಿ ಉಡ್ಲಿ?" ಎಂದು ಕೇಳಿದೆ.

ಅಲ್ಲಿ ಆದದ್ದನ್ನು ಮುಚ್ಚಿಡದೆ ಹೇಳಬೇಕು. ಮೊದಲನೆಯ ಹಾಡು ಚೆನ್ನಾಗಿ ಹೋಯಿತು. ಜನ ಚಪ್ಪಾಳೆ ಹೊಡೆದರು. ಯಜಮಾನರು ಬದಿಗೆ ನಿಂತು ಫೋನಿನಲ್ಲಿ ವಿಡಿಯೋ ತೆಗೆಯುತ್ತಿದ್ದರು. ಬೀಗತಿ ಮುಂದಿನ ಸಾಲಿನಲ್ಲಿ ಕುಳಿತು ಬಾಯಿ ತೆರೆದು ನನ್ನನ್ನೇ ನೋಡುತ್ತಿದ್ದರು. ನನ್ನ ಮೈಯಲ್ಲಿ ಹುರುಪು ಏರತೊಡಗಿತು. ಎರಡನೆಯದು ಕುಣಿತದ ಹಾಡು, ಮೊದಲಿನಿಂದ ಕೊನೆಯ ತನಕ ಕೌಬೆಲ್ ಇರಬೇಕಾದದ್ದು. ಶುರು ಮಾಡಿದೆ. ಜನ ತಲೆದೂಗಿದರು, ನನ್ನ ಕೈ ಇನ್ನೂ ಚುರುಕಾಯಿತು. ಇಷ್ಟು ಚೆಂದ ನಾನು ಎಂದೂ ಬಾರಿಸಿಲ್ಲ ಎಂದುಕೊಂಡೆ. ಹಾಡುವಾಕೆಯ ಮಾತುಗಳು ಒಂದರ ಮೇಲೊಂದು ಬೀಳುತ್ತಿದ್ದವು, ಟೀಚರ್ ಕೀಬೋರ್ಡಿನಿಂದ ತಲೆ ಎತ್ತಿ ನೋಡಿದರು, ಯಾವುದೂ ನನ್ನ ಗಮನಕ್ಕೆ ಬರಲಿಲ್ಲ. ಸೊಸೆ ಒಮ್ಮೆ, "ಅತ್ತೀ, ಸಾವಕಾಶ," ಎಂದಳು. ಕೇಳಿಸಲಿಲ್ಲ. ಇನ್ನೊಮ್ಮೆ ಅಂದಳಂತೆ. ಅದೂ ಕೇಳಿಸಲಿಲ್ಲ. ಆಗ ಅವಳು ಬಾರಿಸುತ್ತಲೇ ಎಡಗೈ ಚಾಚಿ ಗಂಟೆಯನ್ನು ಗಪ್ಪನೆ ಹಿಡಿದುಬಿಟ್ಟಳು.

ಗಂಟೆ ಸತ್ತಿತು. ನನ್ನ ಕೋಲು ಎರಡು ಸಲ ಅವಳ ಬೆರಳಿನ ಮೇಲೆ ಬಿತ್ತು. ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಉಳಿದ ಹಾಡಿನ ತುಂಬ ನಾನು ಕೈ ಕಟ್ಟಿಕೊಂಡು ನಿಂತೆ. ಆಮೇಲೆ ಮೂರು ಹಾಡು ಇದ್ದವು. ಶೇಕರನ್ನು ಇದ್ದೂ ಇಲ್ಲದ ಹಾಗೆ ಅಲ್ಲಾಡಿಸಿ ಮುಗಿಸಿದೆ.

ರಾಣೇಬೆನ್ನೂರಿಗೆ ಬರುವ ಬಸ್ಸಿನಲ್ಲಿ ನಾನು ಕಿಟಕಿಯ ಕಡೆ ಮುಖ ಮಾಡಿ ಕುಳಿತೆ. ಮಾರನೆಯ ದಿನ ಬುತ್ತಿ ಕಟ್ಟಿ ಯಜಮಾನರ ಕೈಗೆ ಕೊಟ್ಟು, "ನೀವ ಒಯ್ರಿ, ನನ್ನ ಮಣಕಾಲು ನೋಯಾಕತ್ತಾವು," ಎಂದೆ. ಅವರು ನನ್ನ ಮೊಣಕಾಲು ನೋಡಿದರು, ಮುಖ ನೋಡಿದರು, ಬುತ್ತಿ ಹಿಡಿದು ಹೋದರು. ಐದು ದಿನ ಹೀಗೇ ನಡೆಯಿತು. ಅಷ್ಟು ಜನರ ಮುಂದೆ, ಅದೂ ಅವಳ ತವರಿನ ಓಣಿಯಲ್ಲಿ, ಸೊಸೆ ಅತ್ತೆಯ ಕೈ ತಡೆಯುವುದೆಂದರೆ! ಪಾತ್ರೆ ತೊಳೆಯುವಾಗಲೆಲ್ಲ ನೆನಪಾಗಿ ಸಿಟ್ಟು ಉಕ್ಕುತ್ತಿತ್ತು.

ಆರನೆಯ ದಿನ ಅವಳು ಅಡುಗೆಮನೆಗೆ ಬಂದು ನನ್ನ ಪಕ್ಕ ಕುಳಿತು ಬೆಳ್ಳುಳ್ಳಿ ಸುಲಿಯತೊಡಗಿದಳು. ಎಡಗೈಯ ಎರಡು ಬೆರಳು ಇನ್ನೂ ಸ್ವಲ್ಪ ಊದಿಕೊಂಡಿದ್ದವು.

"ಅತ್ತೀ, ಎಲ್ಲಾರ ಮುಂದ ಗಂಟಿ ಹಿಡದದ್ದು ನನ್ನ ತಪ್ಪು," ಎಂದಳು.

ನಾನು ಇನ್ನೊಂದು ಗಡ್ಡೆ ಬೆಳ್ಳುಳ್ಳಿ ಒಡೆದು ಅವಳ ಮುಂದೆ ಹಾಕಿದೆ.

"ಆದ್ರ ನೀವು ಓಡಿದ್ದೂ ಖರೇ ಐತ್ರಿ."

"ನಾ ಎಲ್ಲಿ ಓಡೇನಿ? ಹಾಡಾಕಿನ ಹಿಂದ ಬಿದ್ಲು."

ಅವಳು ವಾದ ಮಾಡಲಿಲ್ಲ. "ಮಾವನೋರು ಫೋನಿನ್ಯಾಗ ವಿಡಿಯೋ ತಗದಾರ. ನೀವ ನೋಡ್ರಿ. ನಾ ಇಲ್ಲದಾಗ ನೋಡ್ರಿ," ಎಂದು ಸುಲಿದ ಬೆಳ್ಳುಳ್ಳಿ ನನ್ನ ಮುಂದಿಟ್ಟು ಎದ್ದು ಹೋದಳು.

ಆ ಮಧ್ಯಾಹ್ನ ಯಜಮಾನರ ಫೋನು ತೆಗೆದುಕೊಂಡು ಹಿತ್ತಲಲ್ಲಿ ಬಟ್ಟೆ ಒಣಹಾಕುವ ಹಗ್ಗದ ಕೆಳಗೆ ಒಬ್ಬಳೇ ಕುಳಿತೆ. ಮೊದಲ ಹಾಡು ಕೇಳಿದೆ. ಎರಡನೆಯದು ಶುರುವಾಯಿತು. ಅಯ್ಯೋ! ಗಂಟೆ ಹೊರಟೇ ಹೋಯಿತು. ಹಗ್ಗ ಬಿಚ್ಚಿಕೊಂಡ ಕರುವಿನ ಹಾಗೆ ಮುಂದೆ ಮುಂದೆ. ಪಾಪ, ಹಾಡುವಾಕೆ ಉಸಿರು ತೆಗೆದುಕೊಳ್ಳಲು ಜಾಗವಿಲ್ಲದೆ ಪದ ನುಂಗುತ್ತಿದ್ದಳು. ಸೊಸೆ ಎರಡಲ್ಲ, ನಾಲ್ಕು ಸಲ "ಅತ್ತೀ" ಎಂದಿದ್ದಳು. ಅವಳು ಗಂಟೆ ಹಿಡಿದ ಮೇಲೆ ಹಾಡು ನಾಲ್ಕೇ ಹೆಜ್ಜೆಗೆ ಮತ್ತೆ ಲಯಕ್ಕೆ ಬಂತು. ನಾಚಿಕೆಯಿಂದ ನನ್ನ ಕಿವಿ ಬಿಸಿಯಾದವು. ಅದರ ಹಿಂದೆಯೇ ನಗು ಬಂತು. ಅಲ್ಲೇ ಕುಳಿತು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ.

ಮಾರನೆಯ ದಿನ ಬುತ್ತಿ ನಾನೇ ಒಯ್ದೆ. ಸೊಸೆ ನನ್ನನ್ನು ನೋಡಿ ಗಂಟೆಯ ಸ್ಟ್ಯಾಂಡನ್ನು ನನ್ನ ಎತ್ತರಕ್ಕೆ ಸರಿಮಾಡಿದಳು.

"ಕಲಿಸು ಮತ್ತ," ಎಂದೆ.

"ನಿಮ್ಮ ಕೈ ತಪ್ಪಿಲ್ರಿ ಅತ್ತೀ. ಖುಷಿ ಆದಕೂಡ್ಲೆ ಕೈ ಓಡ್ತಾವು. ಎಲ್ಲಾರಿಗೂ ಹಂಗ. ಆ ಖುಷಿನ ಹಿಮ್ಮಡಕ್ಕ ಇಳಸ್ರಿ." ನನ್ನ ಚಪ್ಪಲಿ ಬಿಡಿಸಿ, ಬಲಗಾಲಿನ ಹಿಮ್ಮಡಿಯನ್ನು ನೆಲಕ್ಕೆ ಒತ್ತಿ ಬಡಿಯುವುದನ್ನು ತೋರಿಸಿದಳು. ನೆಲ ಗಟ್ಟಿ, ಅದು ಓಡುವುದಿಲ್ಲ. ಕೈ ಹಿಮ್ಮಡಿಯ ಮಾತು ಕೇಳಬೇಕು. ಇಡೀ ಹದಿನೈದು ದಿನ ನಾನು ಬರೇ ಅದನ್ನೇ ಮಾಡಿದೆ. ಫೋನಿನಲ್ಲಿ ಟಿಕ್ ಟಿಕ್ ಹಾಕಿಟ್ಟು, ಅದರ ಜೊತೆ ಹಿಮ್ಮಡಿ, ಹಿಮ್ಮಡಿಯ ಜೊತೆ ಗಂಟೆ. ಸೊಸೆ ಬೇಕೆಂದೇ ನಡುನಡುವೆ ಅಡ್ಡಾದಿಡ್ಡಿ ಬಾರಿಸಿ ನನ್ನನ್ನು ಕೆಡಿಸಲು ನೋಡುತ್ತಿದ್ದಳು. ಕೆಡಲಿಲ್ಲ. ಹಮಾಲ ಅಜ್ಜ ಚೀಲ ಹೊತ್ತು ಹೋಗುವಾಗ ನನ್ನ ಗಂಟೆಗೆ ಸರಿಯಾಗಿ ಹೆಜ್ಜೆ ಹಾಕುತ್ತಿದ್ದ. "ಅವ್ವಾರ, ಹಿಂಗ ಬಡದ್ರ ಚೀಲ ಹಗೂರ ಅನಸ್ತೈತ್ರಿ," ಎಂದ.

ಆಗಲೇ ಬ್ಯಾಡಗಿಯಿಂದ ಕರೆ ಬಂದದ್ದು. ನನ್ನ ಅಣ್ಣನ ಹೆಂಡತಿ, ನಮ್ಮ ವೈನಿ, ಅಲ್ಲಿನ ಮೆಣಸಿನಕಾಯಿ ವ್ಯಾಪಾರಸ್ಥರ ಮನೆಯ ಹೆಂಗಸರು ಕೂಡಿ ಮಾಡಿಕೊಂಡ ಸಂಘದಲ್ಲಿದ್ದಾರೆ. ಕಲ್ಯಾಣ ಮಂಟಪದಲ್ಲಿ ಮಧ್ಯಾಹ್ನ ಊಟವಾದ ಮೇಲೆ ಹಾಡು ಬೇಕು ಎಂದರು. ನಾನು ಬಾರಿಸುತ್ತೇನೆ ಎಂದು ಅವರಿಗೆ ಹೇಳಲಿಲ್ಲ. ನನ್ನ ಸೊಸೆಯ ತಂಡ ಬರುತ್ತದೆ ಎಂದಷ್ಟೇ ಹೇಳಿದೆ.

ಮೆಣಸಿನಕಾಯಿ ಸುಗ್ಗಿ ಜೋರಾಗಿ ನಡೆದಿತ್ತು. ಊರು ಇನ್ನೂ ದೂರವಿರುವಾಗಲೇ ಟೆಂಪೋದೊಳಗೆ ಆ ವಾಸನೆ ಬಂತು. ನಾನು ಎದೆ ತುಂಬ ಎಳೆದುಕೊಂಡೆ. ಉಳಿದವರು ಮೂಗಿಗೆ ಸೆರಗು ಹಿಡಿದರು. ನಮ್ಮ ಬ್ಯಾಡಗಿಯ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಆದರೆ ಚೀಲ ಕೊಡವಿ ಧೂಳೆದ್ದಾಗ ಪರ ಊರಿನವರ ಮೂಗನ್ನು ಅದು ಬಿಡುವುದಿಲ್ಲ.

ಮಂಟಪದ ತುಂಬ ಹೆಂಗಸರು. ವೇದಿಕೆಯ ಮೇಲೆ ನಾನು ಕೌಬೆಲ್ಲಿನ ಹಿಂದೆ ಹೋಗಿ ನಿಂತಾಗ ವೈನಿ ಮುಂದಿನ ಸಾಲಿನಿಂದ ಎದ್ದು ನಿಂತು, "ಏ, ನೀ ಅಲ್ಲಿ ಏನ ಮಾಡಾಕತ್ತೀ? ಕೆಳಗ ಬಾ, ಅವರು ಶುರು ಮಾಡ್ತಾರ!" ಎಂದು ಕೂಗಿದರು. ನಾನು ಕೋಲು ಎತ್ತಿ ತೋರಿಸಿದೆ. ವೈನಿ ಹಾಗೇ ಕುಳಿತುಬಿಟ್ಟರು.

ಎರಡು ಹಾಡು ಹದವಾಗಿ ಹೋದವು. ಮೂರನೆಯದು ಅದೇ, ಹಾವೇರಿಯಲ್ಲಿ ಕೆಟ್ಟ ಕುಣಿತದ ಹಾಡು. ಸೊಸೆ ನನ್ನ ಕಡೆ ನೋಡಿ ಹುಬ್ಬು ಹಾರಿಸಿದಳು. ನಾನು ಚಪ್ಪಲಿ ಬಿಟ್ಟು ಹಿಮ್ಮಡಿ ಊರಿದೆ. ಶುರುವಾಯಿತು. ಗಂಟೆ ತನ್ನ ಜಾಗದಲ್ಲಿ ನಿಂತು ನಡೆಯಿತು. ಮೊದಲ ಚರಣ ಮುಗಿದು ಪಲ್ಲವಿಗೆ ಬರುವ ಹೊತ್ತಿಗೆ ಮಂಟಪದ ಹಿಂದಿನ ಓಣಿಯಲ್ಲಿ ಲಾರಿಯೊಂದು ಬಂದು ನಿಂತಿತು, ಹಮಾಲರು ಮೆಣಸಿನಕಾಯಿ ಚೀಲ ಇಳಿಸತೊಡಗಿದರು. ವೇದಿಕೆಯ ಹಿಂದಿನ ಕಿಟಕಿಗಳು ತೆರೆದಿದ್ದವು, ಫ್ಯಾನುಗಳು ಜೋರಾಗಿ ತಿರುಗುತ್ತಿದ್ದವು. ಆ ಘಾಟು ಸೀದಾ ನಮ್ಮ ಬೆನ್ನಿಗೆ ಬಂತು.

ಮೊದಲು ಹಾಡುವಾಕೆಗೆ ಕೆಮ್ಮು ಹತ್ತಿತು. ಒಂದು ಪದ ಹೇಳುತ್ತಾಳೆ, ಎರಡು ಸಲ ಕೆಮ್ಮುತ್ತಾಳೆ. ಇನ್ನೊಬ್ಬಾಕೆ ಮೈಕು ತೆಗೆದುಕೊಂಡು ಒಂದು ಸಾಲು ಹಾಡುವಷ್ಟರಲ್ಲಿ ಅವಳಿಗೂ ಹತ್ತಿತು. ಟೀಚರ್ ಎರಡೂ ಕೈಯಲ್ಲಿ ಮೂಗು ಹಿಡಿದುಕೊಂಡರು, ಕೀಬೋರ್ಡು ನಿಂತಿತು. ನಾನು ಸೊಸೆಯ ಕಡೆ ನೋಡಿದೆ. ಅವಳು ಕಣ್ಣು ಮುಚ್ಚಿ, ಬಾಯಿ ತೆರೆದು, ಬಾರದ ಸೀನನ್ನು ಕಾಯುತ್ತಿದ್ದಳು. ಬಂತು! ಒಂದಲ್ಲ, ಐದು. ಒಂದೊಂದು ಸೀನಿಗೂ ಕಾಲು ತಪ್ಪಿ ದೊಡ್ಡ ಡ್ರಮ್ಮು ಎಲ್ಲೆಲ್ಲೋ ಧಂ ಎನ್ನುತ್ತಿತ್ತು. ಕೊನೆಯ ಸೀನಿಗೆ ಕೋಲು ಕೈಯಿಂದ ಜಾರಿ ಉರುಳಿಹೋಯಿತು. ಡ್ರಮ್ಮೂ ನಿಂತಿತು.

ವೇದಿಕೆಯ ಮೇಲೆ ಮೂಗು ಸರಿಯಿದ್ದವಳು ನಾನೊಬ್ಬಳೇ. ನನ್ನ ಗಂಟೆ ಒಂದೇ ಕೇಳುತ್ತಿತ್ತು. ಟಕ್, ಟಕ್, ಟಕ್, ಟಕ್.

ನಿಲ್ಲಿಸಲೇ? ಆ ಯೋಚನೆ ಬಂದದ್ದು ನಿಜ. ಸಭೆಯಲ್ಲಿ ಇದ್ದವರೆಲ್ಲ ಬ್ಯಾಡಗಿಯವರೇ, ಒಬ್ಬರೂ ಕೆಮ್ಮಲಿಲ್ಲ. ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು. ನನ್ನ ಎದೆ ಡಬಡಬ ಎಂದು ಎರಡರಷ್ಟು ಜೋರಾಗಿ ಓಡುತ್ತಿತ್ತು. ಹಿಮ್ಮಡಿಯನ್ನು ಮಾತ್ರ ನೆಲಕ್ಕೆ ಒತ್ತಿ ಹಿಡಿದೆ. ಗಂಟೆ ಓಡಲಿಲ್ಲ. ಎಡಗೈಗೆ ಬೆಂಡೆ ಬೀಜದ ಡಬ್ಬಿ ತೆಗೆದುಕೊಂಡೆ. ಗಂಟೆಯ ಎರಡು ಪೆಟ್ಟಿನ ನಡುವಿನ ಖಾಲಿಯಲ್ಲಿ ಅದನ್ನು ಅಲ್ಲಾಡಿಸಿದೆ. ಟಕ್ ಛಿಕ, ಟಕ್ ಛಿಕ. ಮುಂದಿನ ಸಾಲಿನಲ್ಲಿ ನಮ್ಮ ವೈನಿ ನಗುವುದನ್ನು ನಿಲ್ಲಿಸಿ ಚಪ್ಪಾಳೆ ಶುರು ಮಾಡಿದರು. ಅವರ ಪಕ್ಕದವರು ಸೇರಿಕೊಂಡರು. ಸಾಲಿನಿಂದ ಸಾಲಿಗೆ ಹೋಗಿ ಇಡೀ ಮಂಟಪವೇ ನನ್ನ ಗಂಟೆಯ ಮೇಲೆ ಚಪ್ಪಾಳೆ ಹೊಡೆಯತೊಡಗಿತು.

ಎಷ್ಟು ಹೊತ್ತು ಹಾಗೆ ನಡೆಯಿತೋ. ಡಬ್ಬಿ ಇಟ್ಟು ಟ್ಯಾಂಬೊರಿನ್ ಎತ್ತಿ ತೊಡೆಗೆ ಬಡಿದೆ, ಅದರ ಸಣ್ಣ ತಾಳಗಳೆಲ್ಲ ಗಲ್ಲೆಂದವು. ಮರದ ತುಂಡಿಗೆ ಎರಡು ಪೆಟ್ಟು ಕೊಟ್ಟು ಮತ್ತೆ ಗಂಟೆಗೆ ಬಂದೆ. ಯಾರೂ ಕಲಿಸಿರಲಿಲ್ಲ, ಅಲ್ಲೇ ಹೊಳೆದದ್ದು. ಬೆನ್ನ ಹಿಂದೆ ಯಾರೋ ಕಿಟಕಿ ಮುಚ್ಚಿದ ಸದ್ದು ಕೇಳಿತು. ಸೊಸೆ ಕಣ್ಣು ಮೂಗು ಒರೆಸಿಕೊಂಡು, ಇನ್ನೊಂದು ಕೋಲು ತೆಗೆದುಕೊಂಡು, ನನ್ನ ಹಿಮ್ಮಡಿಯನ್ನೇ ನೋಡುತ್ತ ಕುಳಿತಿದ್ದಳು. ನಾನು ಗೋಣು ಹಾಕಿದೆ. ಸರಿಯಾದ ಹೆಜ್ಜೆಗೆ ದೊಡ್ಡ ಡ್ರಮ್ಮು ಬಂದು ಬಿತ್ತು. ಅಬ್ಬಾ, ಆ ಒಂದು ಪೆಟ್ಟು! ಬಿಸಿಲಲ್ಲಿ ಒಬ್ಬಳೇ ನಡೆಯುವಾಗ ಹಿಂದಿನಿಂದ ಯಾರೋ ಬಂದು ಕೈ ಹಿಡಿದ ಹಾಗೆ. ಅವಳು ಒಂದು ಸುತ್ತು ಬಾರಿಸಿ ಬಿಟ್ಟಳು, ನಾನು ಉತ್ತರ ಕೊಟ್ಟೆ. ಮತ್ತೆ ಅವಳು, ಮತ್ತೆ ನಾನು. ಹಾಡುವವರಿಬ್ಬರೂ ನೀರು ಕುಡಿದು ಮೈಕಿನ ಮುಂದೆ ಬಂದು ಪಲ್ಲವಿ ಎತ್ತಿಕೊಂಡಾಗ ಹೆಂಗಸರು ಕುರ್ಚಿ ಬಿಟ್ಟು ಎದ್ದು ನಿಂತಿದ್ದರು. ಎಂಬತ್ತು ದಾಟಿದ ಒಬ್ಬ ಅಜ್ಜಿ ವೇದಿಕೆಯ ಮುಂದೆ ಬಂದು ಎರಡು ಹೆಜ್ಜೆ ಕುಣಿದರು.

ಹಾಡು ಮುಗಿದ ಮೇಲೆ ಸೊಸೆ ಡ್ರಮ್ಮು ದಾಟಿ ಬಂದು ನನ್ನನ್ನು ತಬ್ಬಿಕೊಂಡಳು. ಅವಳ ಮೂಗು ಟೊಮೆಟೊ ಹಣ್ಣಾಗಿತ್ತು.

"ಅತ್ತೀ, ನೀವು ಒಂದೀಟೂ ಅಲ್ಲಾಡ್ಲಿಲ್ಲ!"

"ನೀ ಸೀನಾಕತ್ತಿದ್ದಿ, ಎದಿ ಹೆಂಗ ಬಡಕೊಂತಿತ್ತು ನಿನಗೇನ ಗೊತ್ತು," ಎಂದೆ.

ವೈನಿ ವೇದಿಕೆಗೆ ಬಂದು ಮೊದಲು ಮಾಡಿದ ಕೆಲಸವೆಂದರೆ ನನ್ನ ಕೈಯಿಂದ ಕೋಲು ಕಸಿದುಕೊಂಡು ತಾವೇ ಗಂಟೆಗೆ ಒಂದು ಪೆಟ್ಟು ಹಾಕಿದ್ದು. ಆಮೇಲೆ, "ಇದನ್ನ ಯಾರು ಕಲಿಸಿದ್ರು ನಿನಗ?" ಎಂದರು. ನಾನು ಸೊಸೆಯನ್ನು ಮುಂದೆ ತಳ್ಳಿದೆ. ವೈನಿ ಅವಳನ್ನು ತಲೆಯಿಂದ ಕಾಲಿನ ತನಕ ನೋಡಿ, ಗಲ್ಲ ಮುಟ್ಟಿ ಲಟಿಕೆ ಮುರಿದು, "ಬಾ ತಾಯಿ, ಚಹಾ ಕುಡಿ, ಗಂಟಲಕ್ಕ ಚಲೋ ಆಕ್ಕೈತಿ," ಎಂದು ಕೈ ಹಿಡಿದು ಕರೆದುಕೊಂಡು ಹೋದರು.

ಮಂಟಪದಲ್ಲಿ ಯಾರೋ ತೆಗೆದ ವಿಡಿಯೋವನ್ನು ಯಾರು ಯಾರಿಗೆ ಕಳಿಸಿದರೋ ನನಗೆ ಗೊತ್ತಿಲ್ಲ. ಹದಿನೈದು ದಿನದಲ್ಲಿ ಕುಪ್ಪೇಲೂರಿನ ಹೆಂಗಸರ ಗುಂಪೊಂದು ನಮ್ಮನ್ನು ಕರೆಯಿತು. ಡ್ರಮ್ಮು ಟೆಂಪೋದಲ್ಲಿ, ಸೊಸೆ ಅದರ ಜೊತೆ. ಜಾಗ ಸಾಲದೆ ನಾನು ನನ್ನ ತಗಡಿನ ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೊರಟೆ. ರಸ್ತೆ ಕುಲುಕಿದಾಗಲೆಲ್ಲ ಪೆಟ್ಟಿಗೆ ಗಲಗಲ, ಟಣ್, ಛಿಕ್ ಎನ್ನುತ್ತಿತ್ತು. ಬಸ್ಸಿನವರೆಲ್ಲ ತಿರುಗಿ ತಿರುಗಿ ನೋಡಿದರು. ಕಂಡಕ್ಟರ್ ನನ್ನ ಹತ್ತಿರ ಬಂದು ನಿಂತ.

"ಏನೈತ್ರೀ ಯಕ್ಕಾ ಅದರಾಗ?"

"ಬಾರಸೂ ಸಾಮಾನಪಾ. ಕುಪ್ಪೇಲೂರಾಗ ಹಾಡಿನ ಕಾರ್ಯಕ್ರಮ ಐತಿ."

"ಹೌದ್ರಿ? ಬಾರಸೋರು ಎಲ್ಲಿ ಅದಾರ?"

"ಇಲ್ಲೇ ಕುಂತೇನಲ್ಲ," ಎಂದೆ.